ಭಟ್ಟಿ ಓಣಿಗೆ ಹೊಸದಾಗಿ ಬಂದವರಿಗೆ: ದಾವಣಗೆರೆಯಲ್ಲಿ ಮೊದಲ ಆರು ತಿಂಗಳು

ಬೆಳಗಿನ ಜಾವ ಮೂರಕ್ಕೆಲ್ಲ ನಮ್ಮ ಓಣಿ ಎದ್ದುಬಿಡುತ್ತದೆ. ಭಟ್ಟಿಗೆ ಬೆಂಕಿ ಬೀಳುತ್ತದೆ, ಬಾಣಲೆಯಲ್ಲಿ ಮರಳು ಕಾಯುತ್ತದೆ. ಉಪ್ಪುನೀರು ಹಚ್ಚಿದ ಅಕ್ಕಿ ಆ ಮರಳಿಗೆ ಬಿದ್ದ ಕೂಡಲೇ ಚಟಚಟ ಅಂತ ಅರಳಿ ಮಂಡಕ್ಕಿಯಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹಗ್ಗದ ಮೇಲಿನ ಬಟ್ಟೆಗೆಲ್ಲ ಮಸಿ. ಯಾವ ಮನೆಯವರು ಹೊಸಬರು ಅಂತ ಕೇಳಬೇಕಾಗಿಲ್ಲ. ರಾತ್ರಿ ಬಿಳಿ ಬಟ್ಟೆ ಹೊರಗೆ ಒಣಹಾಕಿ ಮಲಗಿದವರು ಹೊಸಬರು. ಹಾಗಾಗಿ ಮೊದಲ ಮಾತು ಇದೇ: ಬಟ್ಟೆ ಒಳಗೆ ಒಣಹಾಕಿ, ನೀರಿನ ಡ್ರಮ್ಮಿಗೆ ಮುಚ್ಚಳ ಹಾಕಿ.

ನಾವು ಇಲ್ಲಿಗೆ ಬಂದಿದ್ದು 1996ರ ಬೇಸಿಗೆಯಲ್ಲಿ, ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಿಂದ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಮಳೆ ಕೈಕೊಟ್ಟಿತ್ತು. ನಮ್ಮವ್ವ, ನಾನು, ತಮ್ಮ, ಎರಡು ಚೀಲ ಪಾತ್ರೆ. ಈಗಲೂ ಜನ ಹೀಗೇ ಬರುತ್ತಾರೆ. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ, ಹರಪನಹಳ್ಳಿ ಕಡೆಯವರು ಜಾಸ್ತಿ. ಅಕ್ಕಿ ಗಿರಣಿಗೆ, ಟೈಲ್ಸ್ ಕೆಲಸಕ್ಕೆ, ಗಾರೆ ಕೆಲಸಕ್ಕೆ ಬಿಹಾರ, ಉತ್ತರ ಪ್ರದೇಶದ ಹುಡುಗರೂ ಬರುತ್ತಾರೆ. ಅವರ ಅರ್ಜಿ, ಫಾರಂ ತುಂಬಿಕೊಡುತ್ತಾ ನನಗೆ ಬಹಳ ವರ್ಷ ಆಯಿತು.

ಅಷ್ಟೂ ವರ್ಷ ಒಂದು ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. "ಇಲ್ಲಿನ ವಿಳಾಸ ಆಗ್ಲಿ, ಆಮೇಲೆ ನೋಡೋಣ" ಅಂತ ಎಲ್ಲದಕ್ಕೂ ಕಾಯುವುದು. ಆರು ತಿಂಗಳು ಮಗು ಶಾಲೆ ಬಿಟ್ಟು ಕೂತಿರುತ್ತದೆ. ಬಸುರಿ ಹೆಂಗಸು ಡಾಕ್ಟರ ಮುಖ ನೋಡಿರುವುದಿಲ್ಲ. ರೇಷನ್ ಊರಲ್ಲೇ ಉಳಿದಿರುತ್ತದೆ. ಆದರೆ ಈ ನಾಲ್ಕಕ್ಕೂ, ಅಂದರೆ ಶಾಲೆ, ಅಂಗನವಾಡಿ, ಆಸ್ಪತ್ರೆ, ರೇಷನ್, ಇಲ್ಲಿನ ವಿಳಾಸ ಬೇಕಾಗಿಲ್ಲ. ಬಂದ ವಾರವೇ ಹೋಗಬಹುದು. ವಿಳಾಸ ಕೇಳುವ ಕೆಲಸಗಳು ಬೇರೆ ಇವೆ, ಅವಕ್ಕೆ ನಿಧಾನವಾಗಿ ಕಾಗದ ಮಾಡಿಕೊಳ್ಳೋಣ.

ಊರು ಬಿಡುವ ಮೊದಲು

ಒಂದು ಗಟ್ಟಿ ಪ್ಲಾಸ್ಟಿಕ್ ಕವರ್ ತಗೊಳ್ಳಿ. ಎಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಟಿಸಿ, ಜನನ ಪ್ರಮಾಣಪತ್ರ, ಬಸುರಿ ಬಾಣಂತಿಯರ ತಪಾಸಣೆ ಬರೆಯುವ ತಾಯಿ ಕಾರ್ಡ್ ಅದರಲ್ಲಿರಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಇಲ್ಲದಿದ್ದರೆ ನಿಮ್ಮ ಹೋಬಳಿಯ ನಾಡಕಚೇರಿಯಲ್ಲೇ ಮಾಡಿಸಿಕೊಂಡು ಬನ್ನಿ. ಆದಾಯದ್ದು 5 ವರ್ಷ ನಡೆಯುತ್ತದೆ. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಊರಿಗೆ ಓಡಿದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ.

ಆಧಾರ್‌ಗೆ ಯಾವ ಮೊಬೈಲ್ ನಂಬರ್ ಇದೆ ನೋಡಿಕೊಳ್ಳಿ. ಎಲ್ಲದಕ್ಕೂ ಒಟಿಪಿ ಬರುವುದು ಅದಕ್ಕೇ. ಊರಲ್ಲೇ ಉಳಿಯುವ ಅಣ್ಣನ ನಂಬರ್ ಇದ್ದರೆ, ನೀವು ಇಲ್ಲಿ ಕಂಪ್ಯೂಟರ್ ಮುಂದೆ ಕೂತಾಗ ಅವರು ಹೊಲದಲ್ಲಿರುತ್ತಾರೆ.

ಇನ್ನೊಂದು ಮಾತು. ಊರಿನ ರೇಷನ್ ಕಾರ್ಡನ್ನು ರದ್ದು ಮಾಡಿಸಬೇಡಿ. "ಅದನ್ನ ತೆಗೆಸಿ, ಅಲ್ಲಿ ಹೊಸದು ಮಾಡಿಸ್ಕೊಳ್ಳಿ" ಅಂತ ಯಾರಾದರೂ ಹೇಳುತ್ತಾರೆ. ಹೊಸ ಕಾರ್ಡಿಗೆ ಅರ್ಜಿ ತಗೊಳ್ಳುವುದು ಯಾವಾಗಲೋ ಒಮ್ಮೆ. ಅಲ್ಲಿಯವರೆಗೆ ಅಕ್ಕಿಯೂ ಇಲ್ಲ, ಕಾರ್ಡ್ ತೋರಿಸಿ ಸಿಗುವ ಬೇರೆ ಯಾವುದೂ ಇಲ್ಲ.

ಮನೆ ನೋಡುವಾಗ

ರೈಲು ಹಳಿ ಈ ಊರನ್ನು ಎರಡು ಮಾಡಿದೆ. ಒಂದು ಕಡೆ ವಿದ್ಯಾನಗರ, ಎಂಸಿಸಿ ಬ್ಲಾಕ್. ಇನ್ನೊಂದು ಕಡೆ ಹಳೇ ದಾವಣಗೆರೆ. ಕೂಲಿಯವರಿಗೆ ಕೈಗೆಟುಕುವ ಬಾಡಿಗೆ ಇರುವುದು ಹೆಚ್ಚಾಗಿ ಈ ಹಳೇ ಭಾಗದಲ್ಲಿ: ಆಜಾದ್ ನಗರ, ಬಾಷಾ ನಗರ, ಮಂಡಕ್ಕಿ ಭಟ್ಟಿ ಸುತ್ತಮುತ್ತ. ಹಿಂದೆ ಹತ್ತಿ ಗಿರಣಿಗಳ ಕಾಲದಲ್ಲೂ ಕೂಲಿ ಕೆಲಸದವರು ಈ ಓಣಿಗಳಲ್ಲೇ ಇದ್ದರು. ಗಿರಣಿ ಮುಚ್ಚಿದವು, ಓಣಿ ಉಳಿಯಿತು.

ಹಗಲು ಹನ್ನೊಂದಕ್ಕೆ ಹೋಗಿ ಮನೆ ನೋಡಿದರೆ ಎಲ್ಲ ಮನೆಯೂ ಚೆನ್ನಾಗೇ ಕಾಣುತ್ತದೆ. ನೀವು ಬೆಳಗ್ಗೆ ಐದಕ್ಕೆ ಒಮ್ಮೆ ಹೋಗಿ. ಹೊಗೆ ಯಾವ ಕಡೆಗೆ ಬೀಸುತ್ತದೆ ಅಂತ ಗೊತ್ತಾಗುವುದು ಆಗಲೇ. ಮನೇಲಿ ದಮ್ಮು ಇರುವವರು, ಕೂಸು ಇದ್ದರೆ ಭಟ್ಟಿಯಿಂದ ಎರಡು ಓಣಿ ದೂರ ಹುಡುಕಿ. ಬಾಡಿಗೆ ನಾಲ್ಕುನೂರು ಜಾಸ್ತಿ ಆದರೂ ಚಿಂತೆ ಇಲ್ಲ, ಔಷಧಿಗೆ ಹೋಗುವ ದುಡ್ಡು ಅದಕ್ಕಿಂತ ಜಾಸ್ತಿ.

ಕೇಳಬೇಕಾದ್ದನ್ನು ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆ ಅಕ್ಕನನ್ನು ಕೇಳಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬಂದರೆ ಎಷ್ಟು ಹೊತ್ತು? ಈ ಊರಿಗೆ ನೀರು ಬರುವುದು ರಾಜನಹಳ್ಳಿ ಹತ್ತಿರ ತುಂಗಭದ್ರೆಯಿಂದ, ಮತ್ತೆ ಭದ್ರಾ ಕಾಲುವೆ ನೀರು ತುಂಬಿಸಿದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಯಿಂದ. ಕಾಲುವೆ ನಿಂತು, ಹೊಳೆ ಇಳಿದರೆ ನಲ್ಲಿಯೂ ಸೊರಗುತ್ತದೆ. ಆದ್ದರಿಂದ ಮೊದಲ ಸಂಬಳದಲ್ಲಿ ತಗೊಳ್ಳಬೇಕಾದ ಸಾಮಾನು ಒಂದು ದೊಡ್ಡ ಡ್ರಮ್ಮು. ಟಿವಿ ಆಮೇಲೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕ ಎಲ್ಲಿದೆ ನೋಡಿಟ್ಟುಕೊಳ್ಳಿ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ.

ಪಾಯಿಖಾನೆ ಎಷ್ಟು ಮನೆಗೆ ಒಂದು? ಮಳೆ ಬಂದರೆ ಚರಂಡಿ ನೀರು ಒಳಗೆ ಬರುತ್ತಾ? ಗೋಡೆಯ ಕೆಳಗೆ ಮೊಣಕಾಲೆತ್ತರಕ್ಕೆ ಒಂದೇ ಗೆರೆಯಾಗಿ ಬಣ್ಣ ಉದುರಿದ್ದರೆ ಉತ್ತರ ಅಲ್ಲೇ ಇದೆ.

ಕರೆಂಟ್ ಮೀಟರ್ ನಿಮ್ಮ ಮನೆಗೆ ಬೇರೆ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಗೃಹಜ್ಯೋತಿ, ಅಂದರೆ ಸರ್ಕಾರದ ಪುಕ್ಕಟೆ ಕರೆಂಟ್, ಬಾಡಿಗೆಯವರಿಗೂ ಸಿಗುತ್ತದೆ. ಆದರೆ ನಾಲ್ಕು ಮನೆಗೆ ಒಂದೇ ಬೆಸ್ಕಾಂ ಮೀಟರ್ ಇದ್ದು, ಒಳಗೆ ಮಾಲೀಕರು ಸಣ್ಣ ಮೀಟರ್ ಕೂರಿಸಿ ಯೂನಿಟ್ ಲೆಕ್ಕ ಕೇಳುವುದಾದರೆ ಅದರ ಲಾಭ ನಿಮಗೆ ಬರುವುದಿಲ್ಲ. ಹಿಂದೆ ಇದ್ದವರ ಆಧಾರ್ ಆ ಮೀಟರಿನ ಆರ್‌ಆರ್ ನಂಬರಿಗೆ ಇನ್ನೂ ಜೋಡಣೆ ಆಗಿದ್ದರೆ ಅದನ್ನು ಬಿಡಿಸಬೇಕು, ಆಮೇಲೆ ನಿಮ್ಮದು ಜೋಡಿಸಬೇಕು.

ಅಡ್ವಾನ್ಸ್ ಕೈಯಲ್ಲಿ ಕೊಟ್ಟು ಸುಮ್ನೆ ಬರಬೇಡಿ. ಫೋನಿನಲ್ಲೇ ಹಾಕಿ, ಇಲ್ಲವೇ ಚೀಟಿ ಬರೆಸಿ ಸಹಿ ಹಾಕಿಸಿ. 11 ತಿಂಗಳ ಕರಾರು ಪತ್ರ ಮಾಡಿಸಿಕೊಡಿ ಅಂತ ಮೊದಲೇ ಕೇಳಿ. ಕೀಲಿ ತಗೊಂಡ ಮೇಲೆ ಕೇಳಿದರೆ "ನೋಡೋಣ" ಅಂತಾರೆ. ಖರ್ಚು ನಾವೇ ಕೊಡ್ತೀವಿ ಅಂದರೆ ಬಹಳಷ್ಟು ಮಾಲೀಕರು ಒಪ್ಪುತ್ತಾರೆ.

ಮೊದಲ ವಾರ: ಶಾಲೆ

ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ನಾವು ಬಂದಾಗ ನನ್ನ ತಮ್ಮ ಮೂರನೇ ಕ್ಲಾಸು ಮುಗಿಸಿದ್ದ. ಅವ್ವ ಅವನ ತಲೆ ಬಾಚಿ ಹತ್ತಿರದ ಒಂದು ಶಾಲೆಗೆ ಕರಕೊಂಡು ಹೋದಳು. ಟಿಸಿ ಇಲ್ಲದೆ ಆಗುವುದಿಲ್ಲ ಅಂದರು. ಊರಿಗೆ ಹೋಗಿ ಬರಲು ಅವ್ವನಿಗೆ ರಜೆ ಸಿಗಲಿಲ್ಲ. ಒಂದು ವಾರ ಒಂದು ತಿಂಗಳಾಯಿತು. ಮನೇಲಿ ಒಬ್ಬನೇ ಇರುತ್ತಾನೆ ಅಂತ ಅವ್ವ ಅವನನ್ನು ಭಟ್ಟಿಗೆ ಕರಕೊಂಡು ಹೋಗತೊಡಗಿದಳು. ಮೊದಲು ಮೂಲೆಯಲ್ಲಿ ಕೂತಿರುತ್ತಿದ್ದ. ಆಮೇಲೆ ಜರಡಿ ಹಿಡಿದ. ಮರುವರ್ಷ ಶಾಲೆ ಅಂದರೆ ನಾಚಿಕೊಂಡ, ತನಗಿಂತ ಚಿಕ್ಕವರ ಜೊತೆ ಕೂರಲ್ಲ ಅಂದ. ಅಲ್ಲಿಗೆ ಅವನ ಓದು ಮುಗಿಯಿತು. ಒಂದು ಕಾಗದಕ್ಕೋಸ್ಕರ.

ಈಗ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಸರ್ಕಾರಿ ಶಾಲೆ ವಾಪಸ್ ಕಳಿಸುವ ಹಾಗಿಲ್ಲ. ಟಿಸಿ ಬಂದಿಲ್ಲ ಅಂತ ತಡ ಮಾಡುವ ಹಾಗಿಲ್ಲ. ಹುಟ್ಟಿದ ತಾರೀಖಿನ ದಾಖಲೆ ಇಲ್ಲ ಅಂತ ಬೇಡ ಅನ್ನುವ ಹಾಗಿಲ್ಲ. ಶಾಲೆ ಶುರುವಾಗಿ ಮೂರು ತಿಂಗಳಾದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದೆ ಬಿದ್ದಿದ್ದರೆ ಬೇರೆಯಾಗಿ ಹೇಳಿಕೊಡಬೇಕು. ನನ್ನ ತಮ್ಮನ ನಾಚಿಕೆಗೆ ಕಾನೂನಿನಲ್ಲೇ ಮದ್ದು ಬರೆದಿದ್ದಾರೆ ನೋಡಿ.

ಹೇಗೆ ಹೋಗಬೇಕು? ಮಗುವನ್ನು ಕರಕೊಂಡೇ ಹೋಗಿ. ಮುಖ್ಯ ಶಿಕ್ಷಕರನ್ನು ನೋಡಿ, "ಸರ್, ಟಿಸಿ ಊರಿಂದ ತರಿಸ್ತೀವಿ, ಇವತ್ತಿಂದ ಕೂರಿಸ್ಕೊಳ್ಳಿ" ಅಂತ ಹೇಳಿ. ಬಹಳಷ್ಟು ಮೇಷ್ಟ್ರು ಒಳ್ಳೆಯವರು, ಅವರಿಗೂ ಮಕ್ಕಳು ಬೇಕು. ಒಪ್ಪದಿದ್ದರೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಡಿ, ಅದರ ಇನ್ನೊಂದು ಪ್ರತಿಗೆ ಸಹಿ ಕೇಳಿ, ಅದನ್ನು ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಅರ್ಜಿ ಕೊಟ್ಟಾಗಲೇ ಎಷ್ಟೋ ಸಲ ಕೆಲಸ ಆಗಿಬಿಡುತ್ತದೆ. ಮನೇಲಿ ಉರ್ದು ಮಾತಾಡುವವರಿಗೆ ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳೂ ಇಲ್ಲಿವೆ. ಮಧ್ಯಾಹ್ನ ಬಿಸಿಯೂಟ ಸಿಗುತ್ತದೆ. ಇಬ್ಬರೂ ಕೂಲಿಗೆ ಹೋಗುವ ಮನೆಗೆ ಅದು ದೊಡ್ಡ ನೆಮ್ಮದಿ.

ಆರು ವರ್ಷದೊಳಗಿನ ಮಕ್ಕಳು, ಬಸುರಿ, ಬಾಣಂತಿ ಇದ್ದರೆ ಅದೇ ದಿನ ಅಂಗನವಾಡಿ ಟೀಚರನ್ನು ನೋಡಿ ಹೆಸರು ಬರೆಸಿ. ಓಣಿಯಲ್ಲಿ ಯಾವ ಮನೆಯಲ್ಲಿ ಏನಿದೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ. ಆಶಾ ಕಾರ್ಯಕರ್ತೆ ಯಾರು ಅಂತಲೂ ಅವರೇ ಹೇಳುತ್ತಾರೆ.

ರೇಷನ್, ಊಟ

ಊರಿನ ಕಾರ್ಡಿನಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತಗೊಳ್ಳಬಹುದು. ಕಾರ್ಡ್ ನಂಬರ್ ಹೇಳಿ, ಹೆಬ್ಬೆಟ್ಟು ಒತ್ತಿ, ಅಷ್ಟೇ. ಬೇರೆ ರಾಜ್ಯದವರಿಗೂ "ಒಂದು ದೇಶ ಒಂದು ರೇಷನ್ ಕಾರ್ಡ್" ಪ್ರಕಾರ ಕೇಂದ್ರದ ಪಾಲು ಇಲ್ಲೇ ಸಿಗುತ್ತದೆ. ಅರ್ಧ ಪಾಲು ನೀವು ಇಲ್ಲಿ ತಗೊಂಡು, ಉಳಿದದ್ದನ್ನು ಊರಲ್ಲಿರುವ ಅಪ್ಪ ಅವ್ವ ಅಲ್ಲಿ ತಗೊಳ್ಳಬಹುದು. ಈ ಮಾತು ಬಹಳ ಜನಕ್ಕೆ ಗೊತ್ತೇ ಇಲ್ಲ. ತಿಂಗಳ ಕೊನೆಗೆ ಹೋಗಬೇಡಿ, ಸ್ಟಾಕ್ ಮುಗಿದಿರುತ್ತದೆ. ಮಂಡಕ್ಕಿ, ಬೀಡಿ, ಗಾರೆ ಕೆಲಸದವರ ಬೆರಳು ಸವೆದು ಮೆಷಿನ್ನಿಗೆ ಹಿಡಿಯುವುದಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೆರಳು ಇಟ್ಟು ನೋಡಿ, ಆಗದಿದ್ದರೆ ಮನೆಯ ಇನ್ನೊಬ್ಬರನ್ನು ಕಳಿಸಿ. ಕೊಡುವುದಿಲ್ಲ ಅಂದರೆ 1967ಕ್ಕೆ ಫೋನ್ ಮಾಡಿ.

ಒಬ್ಬರೇ ಬಂದ ಹುಡುಗರು ಇಂದಿರಾ ಕ್ಯಾಂಟೀನ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಕೊಳ್ಳಿ. 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಹೋಟೆಲಿನಲ್ಲಿ ತಿಂದರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ.

ಕೆಮ್ಮು

ಹೊಗೆ, ಧೂಳಿನ ನಡುವೆ ಇರುವವರಿಗೆ ಕೆಮ್ಮು ಅಂದರೆ ಅಷ್ಟು ಲೆಕ್ಕಕ್ಕಿಲ್ಲ. "ಭಟ್ಟಿ ಕೆಮ್ಮು" ಅಂತ ಸಿರಪ್ ಕುಡಿದು ತಿಂಗಳುಗಟ್ಟಲೆ ಕಳೆಯುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲವೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ. ಆಟೋದವರಿಗೆ "ಸಿಜಿ ಆಸ್ಪತ್ರೆ" ಅಂದರೆ ಸಾಕು. ಕ್ಷಯ ಅಂತ ಬಂದರೆ ಪರೀಕ್ಷೆ, ಮಾತ್ರೆ ಎಲ್ಲ ಪುಕ್ಕಟೆ. ಚಿಕಿತ್ಸೆ ನಡೆಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಎರಡು ತಿಂಗಳಲ್ಲಿ ಆರಾಮ ಅನಿಸಿತು ಅಂತ ಮಾತ್ರೆ ಬಿಡಬೇಡಿ. ಬಿಟ್ಟವರಿಗೆ ಮತ್ತೆ ಬಂದಾಗ ಅದೇ ಮಾತ್ರೆ ಕೇಳುವುದಿಲ್ಲ, ನಮ್ಮ ಓಣಿಯಲ್ಲೇ ಇದನ್ನು ಕಂಡಿದ್ದೇವೆ.

ತಾಯಿ ಕಾರ್ಡ್ ಊರಿನದ್ದಾದರೂ ಇಲ್ಲಿ ನಡೆಯುತ್ತದೆ. ಮಕ್ಕಳ ಲಸಿಕೆ ಸಾಮಾನ್ಯವಾಗಿ ಗುರುವಾರ. ಹೆರಿಗೆ ನೋವು ಬಂದರೆ 108.

ಕೆಲಸ ಹಿಡಿಯುವಾಗ

ಇಲ್ಲಿ ನಿಜವಾಗಿಯೂ ಹುಷಾರಾಗಿರಬೇಕಾದ್ದು ಮುಂಗಡದ ವಿಷಯದಲ್ಲಿ. ಭಟ್ಟಿ ಇರಲಿ, ಇಟ್ಟಿಗೆ ಗೂಡು ಇರಲಿ, ಮುಂಗಡ ಕೊಡುವವರು ಬೇಗ ಸಿಗುತ್ತಾರೆ. ಊರಿನ ಸಾಲ, ಮನೆ ಅಡ್ವಾನ್ಸ್, ಎಲ್ಲಕ್ಕೂ ಆಗುತ್ತದೆ ಅಂತ ನಾವೂ ತಗೊಳ್ಳುತ್ತೇವೆ. ಆಮೇಲೆ ಕೂಲಿಯಲ್ಲಿ ಎಷ್ಟು ಹಿಡಿದರು, ಎಷ್ಟು ಉಳಿಯಿತು, ಲೆಕ್ಕ ಅವರ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ನಮ್ಮವ್ವ ಓದಿದವಳಲ್ಲ. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು, ಚೀಲಕ್ಕೆ ಒಂದು ಗೆರೆ. ದುಡ್ಡು ಹಿಡಿದ ವಾರಕ್ಕೆ ಅಡ್ಡಗೆರೆ. ಒಂದು ಸಲ ಲೆಕ್ಕದಲ್ಲಿ ಹನ್ನೊಂದು ಚೀಲ ಕಡಿಮೆ ಬಂದಾಗ ಮೇಸ್ತ್ರಿಯನ್ನು ಮನೆಗೆ ಕರೆತಂದು ಗೋಡೆ ತೋರಿಸಿದಳು. ಅವನು ಎಣಿಸಿ ನೋಡಿ ಮಾತಾಡದೆ ದುಡ್ಡು ಕೊಟ್ಟ. ನೀವು ಮೊಬೈಲಿನಲ್ಲೋ, ಮಕ್ಕಳ ನೋಟ್‌ಬುಕ್ಕಿನಲ್ಲೋ ಬರೆಯಿರಿ. ದಿನವೂ, ಮಲಗುವ ಮೊದಲು.

ಮುಂಗಡ ತೀರಿಲ್ಲ ಅಂತ ಬೇರೆ ಕಡೆ ಕೆಲಸಕ್ಕೆ ಬಿಡದೆ ಹಿಡಿದಿಟ್ಟರೆ, ಆಧಾರ್ ಕಿತ್ತಿಟ್ಟುಕೊಂಡರೆ, ಅದು ಜೀತ. 1976ರ ಕಾಯ್ದೆಯಲ್ಲೇ ಜೀತ ರದ್ದಾಗಿದೆ, ಆ ಸಾಲವೂ ರದ್ದಾಗುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ದೂರು ಕೊಡಬಹುದು. ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟರಿಗೆ, ಬಡವರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ. ಫೋನ್ 15100. 14 ತುಂಬದ ಮಕ್ಕಳು ಕೆಲಸಕ್ಕೆ ಇದ್ದರೆ 1098.

ಗಾರೆ, ಕಂಬಿ, ಪೇಂಟ್, ಟೈಲ್ಸ್ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಮಾಡಿಸಿ. 18ರಿಂದ 60 ವಯಸ್ಸು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಬೇರೆ ರಾಜ್ಯದವರೂ ಮಾಡಿಸಬಹುದು. ಆ ಕೆಲಸ ಮಾಡದವರು ಏಜೆಂಟರ ಮಾತು ಕೇಳಿ ದುಡ್ಡು ಕೊಟ್ಟು ಕಾರ್ಡ್ ಮಾಡಿಸಬೇಡಿ, ತನಿಖೆಯಲ್ಲಿ ರದ್ದಾಗುತ್ತದೆ. ಬೀಡಿ ಕಟ್ಟುವ ಅಕ್ಕಂದಿರು ಗುರುತಿನ ಚೀಟಿ ಕೇಳಿ ಪಡೆಯಿರಿ, ಮಕ್ಕಳ ವಿದ್ಯಾರ್ಥಿ ವೇತನಕ್ಕೆ ಅದು ಬೇಕು. ಉಳಿದ ಕೂಲಿಯವರಿಗೆ ಕೇಂದ್ರ ಸರ್ಕಾರದ ಇ-ಶ್ರಮ್ ನೋಂದಣಿ ಇದೆ, ಅದು ಪುಕ್ಕಟೆ.

ವಾರದ ಸಂಘ

ಬಂದು ಮೂರು ತಿಂಗಳಾಗುವಷ್ಟರಲ್ಲಿ ಯಾರೋ ಒಬ್ಬರು "ಅಕ್ಕಾ, ಸಂಘಕ್ಕೆ ಒಬ್ಬರು ಕಮ್ಮಿ ಇದ್ದಾರೆ, ಸೇರ್ಕೊಳ್ಳಿ" ಅಂತ ಬರುತ್ತಾರೆ. ಹತ್ತು ಜನರ ಗುಂಪಿಗೆ ಸಾಲ, ವಾರ ವಾರ ಕಂತು. ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಎಷ್ಟೋ ಮನೆಯ ಹೊಲಿಗೆ ಮೆಷಿನ್ನು ಅದರಿಂದಲೇ ಬಂದಿದೆ. ಆದರೆ ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ತಗೊಳ್ಳತೊಡಗಿದ ದಿನವೇ ನಿಲ್ಲಿಸಿ. ಎಲ್ಲ ಸಾಲದ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ವಸೂಲಿಯವರು ಬೆಳಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ಮೇಲೆ ಬಂದು ಕೂರುವ ಹಾಗಿಲ್ಲ. ಬೈದರೆ, ಬಾಗಿಲಿಗೆ ಬರೆದರೆ, ಸಾಮಾನು ಎತ್ತಿಕೊಂಡು ಹೋದರೆ 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನಿನ ಪ್ರಕಾರ ಜೈಲು. 112ಕ್ಕೆ ಫೋನ್ ಮಾಡಿ. ಮಾನ ಹೋಯಿತು ಅಂತ ಒಬ್ಬರೇ ಕೂತು ಅಳಬೇಡಿ, ಪಕ್ಕದ ಮನೆಯವರನ್ನು ಕೂಗಿ. ಅವರಿಗೂ ಅದೇ ಸಂಘದ ಸಾಲ ಇರುತ್ತದೆ.

ಈಗ ವಿಳಾಸ

ಇಷ್ಟೆಲ್ಲ ಆದ ಮೇಲೆ, ಇಲ್ಲೇ ಉಳಿಯುವುದು ಅಂತ ಗಟ್ಟಿಯಾದ ಮೇಲೆ, ಆಧಾರ್ ವಿಳಾಸ ಬದಲಿಸಿ. ಕರಾರು ಪತ್ರ ತಗೊಂಡು ಆಧಾರ್ ಕೇಂದ್ರಕ್ಕೆ ಹೋಗಿ. ಅದು ನಡೆಯದಿದ್ದರೆ ಆಧಾರ್‌ನವರದ್ದೇ ಒಂದು ಪ್ರಮಾಣಪತ್ರದ ನಮೂನೆ ಇದೆ. ನಿಮ್ಮ ಫೋಟೋ ಅಂಟಿಸಿ, ಶಾಸಕರ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ಸೀಲು ಹಾಕಿಸಬೇಕು. ಫೋಟೋ ಮೇಲೂ ಸೀಲು ಬಿದ್ದಿದೆಯಾ ನೋಡಿಕೊಳ್ಳಿ, ಜಾಸ್ತಿ ಅರ್ಜಿ ವಾಪಸ್ ಬರುವುದು ಅಲ್ಲೇ. ಮನೆಯಲ್ಲಿ ಒಬ್ಬರದ್ದು ಬದಲಾದರೆ ಸಾಕು, ಹೆಂಡತಿ ಮಕ್ಕಳದ್ದನ್ನು ಅವರ ಆಧಾರ್ ಆಧಾರದ ಮೇಲೆ ಬದಲಿಸಬಹುದು. ಬೇರೆ ರಾಜ್ಯದ ಅಕ್ಕಂದಿರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ ಸಿಗುವುದೂ ಕರ್ನಾಟಕದ ವಿಳಾಸ ಬಂದ ಮೇಲೆಯೇ.

ಓಟಿಗೆ ನಮೂನೆ 8 ತುಂಬಿ, ಊರಿನ ಹೆಸರು ಇಲ್ಲಿಗೆ ಬರುತ್ತದೆ. ಹೊಸದಾಗಿ ಸೇರಿಸುವ ಅರ್ಜಿ ಹಾಕಬೇಡಿ, ಎರಡು ಕಡೆ ಹೆಸರಾಗುತ್ತದೆ.

ಖಾಲಿ ಜಾಗದಲ್ಲಿ ಶೆಡ್ ಹಾಕಿಕೊಂಡವರಿಗೆ ಒಂದು ಮಾತು. ಆ ಜಾಗ ಕೊಳಗೇರಿ ಅಂತ ಘೋಷಣೆ ಆಗಿದೆಯಾ ಎಂದು ಕೊಳಗೇರಿ ಅಭಿವೃದ್ಧಿ ಮಂಡಳಿಯಲ್ಲಿ ವಿಚಾರಿಸಿ. 1973ರ ಕಾಯ್ದೆಯಲ್ಲಿ ಘೋಷಣೆ ಆದ ಜಾಗದವರಿಗೆ ಒಂದಿಷ್ಟು ರಕ್ಷಣೆ ಇದೆ. ಮುಂದೆ ಹಕ್ಕುಪತ್ರದ ಸರ್ವೆ ಬಂದಾಗ ಕೇಳುವುದು ಒಂದೇ: ಯಾವಾಗಿಂದ ಇದ್ದೀರಿ, ಏನು ಪುರಾವೆ? ಅದಕ್ಕೆ ಆ ಪ್ಲಾಸ್ಟಿಕ್ ಕವರಿನಲ್ಲಿ ಇಲ್ಲಿನ ಪ್ರತಿ ರಸೀದಿಯನ್ನೂ ಹಾಕುತ್ತಾ ಹೋಗಿ. ಕರೆಂಟ್ ಬಿಲ್ಲು, ಆಸ್ಪತ್ರೆ ಚೀಟಿ, ಶಾಲೆಯ ಪ್ರಗತಿಪತ್ರ, ಲಸಿಕೆ ಕಾರ್ಡ್. ನಮ್ಮನೆಗೆ ಸರ್ವೆಯವರು ಬಂದ ದಿನ ನಾನು ಕಪಾಟೆಲ್ಲ ಹುಡುಕಿ ಸುಸ್ತಾಗಿದ್ದೆ. ಅವ್ವ ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬದ ತಳದಿಂದ ಒಂದು ಕರೆಂಟ್ ಬಿಲ್ಲು ತಂದಳು. 1999ರದ್ದು. ಅಂಚಿಗೆ ಎಣ್ಣೆ ಹೀರಿತ್ತು, ಮೊತ್ತ ಅಳಿಸಿಹೋಗಿತ್ತು. ತಾರೀಖು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಸರ್ವೆಯ ಹುಡುಗ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ ಬರೆದುಕೊಂಡ.